ಒಂದು ಗೇಣು ಆಳ

ಮಗಳು ಒದ್ದೆ ಬಟ್ಟೆಯ ತುದಿಯಿಂದ ತೀರಿಕೊಂಡ ತಾಯಿಯ ಉಗುರುಗಳೊಳಗಿನ ಮಣ್ಣು ತೆಗೆಯುತ್ತಿದ್ದಳು. ಎಡಗೈಗೆ ಬಂದಾಗ ಪಕ್ಕದಲ್ಲಿ ಕೂತಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ತಡೆಯಲಾರದೆ ಬಾಯಿ ಬಿಟ್ಟಳು.

"ಬೆರಳು ನೋಡೇ. ಮದುವೆ ಉಂಗುರಾನೂ ಇಲ್ದೆ ಹೋಗ್ತಾ ಇದಾಳೆ. ಯಾರಾದ್ರೂ ಉಂಗುರ ಮಾರಿ ಕಬ್ಬಿಣದ ಕೋಲು ತಗೋತಾರಾ?"

"ಅತ್ತೆ, ಇವತ್ತೊಂದು ದಿನ ಬಿಡಿ."

"ನಾನೇನು ಇಲ್ಲದ್ದು ಹೇಳಿದ್ನಾ? ನಿಮ್ಮಪ್ಪನ್ನೇ ಕೇಳು."

ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೂ ಬೀದಿಯವರಿಗೆಲ್ಲ ಡ್ರೈವರೇ. ಉಂಗುರ ಮಾರಿದಳೆಂಬ ಮಾತನ್ನು ಮೊದಲು ಹುಟ್ಟಿಸಿದವನೇ ಅವನು. ಎದುರು ಗೋಡೆಗೆ ಆ ಕೋಲು ಒರಗಿತ್ತು. ತುದಿಯಲ್ಲಿ ತಟ್ಟೆಯಂಥ ಸುರುಳಿ, ಟೇಪು ಸುತ್ತಿದ ಹಿಡಿ, ನೇತಾಡುವ ಹೆಡ್‌ಫೋನ್. ನೆಲದೊಳಗಿನ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್, ಅದರಲ್ಲೂ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು.

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಪ್ಲಂಬರ್ ಅತ್ತೆಯ ಮಾತು ಕೇಳಿ ಅಲ್ಲೇ ನಿಂತ. ಹೂತ ಪೈಪು ಹುಡುಕಲು ಅವನೂ ಇಂಥದೇ ಯಂತ್ರ ಇಟ್ಟುಕೊಂಡಿದ್ದ. ತೀರಿಕೊಂಡವಳಿಗೆ ಇದರ ಪಾಠ ಹೇಳಿಕೊಟ್ಟವನೂ ಅವನೇ.

"ಅಕ್ಕ ಉಂಗುರ ಮಾರಿಲ್ಲ," ಅಂದ. "ಹಿತ್ತಲಲ್ಲೇ ಇದೆ. ಭಾವ, ನಿಮಗೆ ಗೊತ್ತಿಲ್ವಾ?"

*

ಅವಳು ಲಾಂಡ್ರಿಯಲ್ಲಿ ಬಟ್ಟೆಗಳ ಜೇಬು ತಡಕುವ ಕೆಲಸದಲ್ಲಿದ್ದವಳು. ಕೀಲಿಕೈ, ಚಿಲ್ಲರೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿತ್ತು. ಎಲ್ಲವನ್ನೂ ಅವರವರಿಗೆ ಮುಟ್ಟಿಸುತ್ತಿದ್ದಳು. ಲಾಂಡ್ರಿ ಮುಚ್ಚಿದ ಮೇಲೆ ಅವಳ ಬೆರಳುಗಳಿಗೆ ಕೆಲಸವೇ ಇಲ್ಲದಂತಾಯಿತು. ಕೂಡಿಟ್ಟಿದ್ದರಲ್ಲಿ ಈ ಯಂತ್ರ ಕೊಂಡು ತಂದಳು.

"ಮೊದಲು ಹೊರಗೆಲ್ಲೂ ಹೋಗ್ಬೇಡಿ ಅಕ್ಕ," ಎಂದಿದ್ದ ಪ್ಲಂಬರ್. "ನಿಮಗೆ ಗೊತ್ತಿರೋ ಸಾಮಾನನ್ನೇ ಹಿತ್ತಲಲ್ಲಿ ಹೂತು, ಅದರ ದನಿ ಕೇಳಿ. ಮೊಳೆ ಗುರ್ ಅನ್ನತ್ತೆ, ನಾಣ್ಯ ಟಿಣ್ ಅನ್ನತ್ತೆ. ಚಿನ್ನ ಕುಂಯ್ ಅನ್ನತ್ತೆ. ಆದ್ರೆ ಕೂಲ್‌ಡ್ರಿಂಕ್ ಡಬ್ಬಿ ಬಾಯಿ ತೆಗೆಯೋ ಕೊಂಡೀನೂ ಕುಂಯ್ ಅಂತಾನೇ ಅನ್ನತ್ತೆ. ಅಗ್ಗದ ಯಂತ್ರಕ್ಕೆ ಎರಡೂ ಒಂದೇ."

"ಹಂಗಾದ್ರೆ ಕಸ ಯಾವುದು, ಚಿನ್ನ ಯಾವುದು ಅಂತ ತಿಳಿಯೋದು ಹೇಗೆ?"

"ಅಗೀಬೇಕು. ಎಲ್ಲಾನೂ ಅಗೀಬೇಕು."

ಗಂಟು ಊದಿ ಬೆರಳಿನಿಂದ ತೆಗೆದಿಟ್ಟಿದ್ದ ಉಂಗುರವನ್ನು ಅವಳು ಅಂದೇ ಹೂತಳು. ಸಂಜೆ ಡ್ರೈವರ್ ಮನೆಗೆ ಬಂದಾಗ ಕಂಡದ್ದು ಹೊಸ ಯಂತ್ರ, ಬೋಳು ಬೆರಳು. ಎರಡಕ್ಕೂ ತಾನೇ ಗಂಟು ಹಾಕಿದ.

"ಉಂಗುರ ಎಲ್ಲಿ ಅಂತ ನಾನು ಕೇಳಲ್ಲ," ಅಂದ.

"ಕೇಳಬೇಡಿ," ಅಂದಳು ಅವಳು.

ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೊಂಡುತನಕ್ಕೆ ಆ ಮನೆಯಲ್ಲಿ ಎಂದೂ ಬರವಿರಲಿಲ್ಲ. ಅವನು ಬಂದವರೆದುರೆಲ್ಲ "ಉಂಗುರ ನುಂಗಿದ ಕೋಲು" ಎಂದು ಆಡಿಕೊಂಡ. ಅವಳು ಆಟದ ಮೈದಾನ, ಹೊಳೆ ದಂಡೆ ಸುತ್ತಿದಳು, ಕಳೆದುಕೊಂಡವರ ಮನೆ ಹುಡುಕಿಕೊಂಡು ಹೋಗಿ ಓಲೆ, ಕೀಲಿಕೈ ಕೊಟ್ಟು ಬಂದಳು. ಅಗೆದ ಕುಳಿಯ ಮೇಲೆ ಕಿತ್ತ ಹುಲ್ಲನ್ನೇ ಮತ್ತೆ ಕೂರಿಸಿ ತಟ್ಟುತ್ತಿದ್ದಳು. ಎಲ್ಲಿ ಅಗೆದಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೀದಿಯ ಮಕ್ಕಳ ಬಾಯಲ್ಲಿ ಅವಳು ಕುಂಯ್ ಅಜ್ಜಿಯಾದಳು.

*

"ಇನ್ನೇನು ಸ್ಮಶಾನದ ಗಾಡಿ ಬರತ್ತೆ ಅಣ್ಣ," ಎಂದಳು ಅತ್ತೆ.

"ಬರಲಿ. ಅವಳು ಹಂಗೇ ಹೋಗೋದು ಬೇಡ," ಎಂದು ಡ್ರೈವರ್ ಎದ್ದ. ಪ್ಲಂಬರ್ ಯಂತ್ರಕ್ಕೆ ಕೈ ಹಾಕಿದರೆ, "ಕೊಡಿಲ್ಲಿ" ಎಂದು ಕಸಿದುಕೊಂಡು ಹಿತ್ತಲಿಗೆ ನಡೆದ. ಇಷ್ಟು ವರ್ಷ ಬೈದ ಕೋಲನ್ನು ಅವನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ಸ್ಟೀರಿಂಗ್ ಥರ ಬಿಗಿ ಹಿಡೀಬೇಡಿ ಭಾವ. ನೆಲ ಒರೆಸೋ ಹಾಗೆ, ನಿಧಾನ."

ಗುರ್. ಡ್ರೈವರ್ ಬೆಚ್ಚಿ ಕಾಲು ಹಿಂದಿಟ್ಟ. ದಿನವೂ ಬಟ್ಟೆ ಒಣಹಾಕಲು ತುಳಿಯುತ್ತಿದ್ದ ನೆಲ ಅದು. ಎರಡು ಹೆಜ್ಜೆಗೆ ಟಿಣ್. ಇನ್ನೊಂದು ಹೆಜ್ಜೆಗೆ ಕುಂಯ್. ಅವನು ಮಂಡಿಯೂರಿ ಅಗೆದ. ಸಿಕ್ಕಿದ್ದು ಡಬ್ಬಿಯ ಕೊಂಡಿ. ಮತ್ತೆ ಕುಂಯ್, ಮತ್ತೆ ಕೊಂಡಿ. ಆದರೂ ಅವನ ಮೈ ಜುಮ್ಮೆನ್ನುತ್ತಿತ್ತು. ಕಾಲಡಿಯಲ್ಲೇ ಇಷ್ಟೊಂದು ಮಾತಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಲ್ಲ, ಅವಳು ಹೇಳಲು ಬಂದಾಗಲೆಲ್ಲ ಅವನೇ ಎದ್ದು ಹೋಗಿದ್ದ.

ಬೀದಿಯಲ್ಲಿ ಗಾಡಿಯ ಹಾರನ್ ಕೇಳಿಸಿತು.

"ಜಾಗ ನನಗೂ ಹೇಳಿಲ್ಲ," ಎಂದ ಪ್ಲಂಬರ್, ಪೆಚ್ಚುಮೋರೆ ಹಾಕಿಕೊಂಡು. "ದಿನಾ ಹೊರಡೋ ಮುಂಚೆ ಒಂದ್ಸಲ ಉಂಗುರದ ದನಿ ಕೇಳಿಸ್ಕೊಂಡು ಹೋಗ್ತಿದ್ರಂತೆ. ಆಮೇಲೇನೇ ಕಿವಿ ಸರಿಹೋಗೋದು ಅಂತಿದ್ರು."

ಡ್ರೈವರ್ ತಲೆ ಎತ್ತಿದ. ಬೆಳಿಗ್ಗೆ ಹಲ್ಲುಜ್ಜುವಾಗ ದಿನವೂ ಕಂಡದ್ದು ನೆನಪಾಯಿತು. ಬಟ್ಟೆ ಹಗ್ಗದ ಕಂಬದ ಬಳಿ, ಕಣ್ಣು ಮುಚ್ಚಿ, ತಲೆಯನ್ನು ತುಸು ವಾಲಿಸಿ ಅವಳು ನಿಂತಿರುತ್ತಿದ್ದಳು. ತನ್ನ ಮುಖ ನೋಡಲು ಇಷ್ಟವಿಲ್ಲದೆ ಹಾಗೆ ನಿಲ್ಲುತ್ತಾಳೆಂದು ಅವನು ಸಿಟ್ಟಾಗುತ್ತಿದ್ದ.

ಕಂಬದ ಬುಡದಲ್ಲಿ ಹುಲ್ಲು ಸವೆದಿತ್ತು. ಕುಂಯ್. ಸಲಿಕೆ ಬಿಟ್ಟು ಬೆರಳಲ್ಲೇ ಕೆದಕಿದ. ಉಂಗುರ ನಿನ್ನೆ ಕಳಚಿಟ್ಟಂತೆ ಹೊಳೆಯುತ್ತ ಮೇಲೆ ಬಂತು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು.

"ಕೇಳಬೇಕಿತ್ತು ಕಣಮ್ಮ," ಎಂದ ಡ್ರೈವರ್ ಮಗಳಿಗೆ. "ಒಂದೇ ಒಂದ್ಸಲ ಕೇಳಿದ್ರೆ ಮುಗೀತಿತ್ತು." ಅವನು ಮಕ್ಕಳ ಹಾಗೆ ಅತ್ತ.

ಉಂಗುರದ ಬೆರಳಿಗೆ ಅದು ಹತ್ತಲಿಲ್ಲ. ಮಗಳು ಕಿರುಬೆರಳಿಗೆ ತೊಡಿಸಿದಳು.

*

ಸ್ಮಶಾನಕ್ಕೂ ಅವನು ಯಂತ್ರ ಹಿಡಿದೇ ಬಂದ.

"ಇದೇನು ವೇಷ ಅಣ್ಣ? ಜನ ನಗ್ತಾರೆ."

"ನಗಲಿ ಬಿಡು."

ಮಣ್ಣು ಮುಚ್ಚಿ, ಸಲಿಕೆಯವರು ಹಿಂದೆ ಸರಿದ ಮೇಲೆ, ಅವನು ಹೆಡ್‌ಫೋನಿನ ತಂತಿ ಕಿತ್ತು ಎಲ್ಲರಿಗೂ ಕೇಳುವಂತೆ ಮಾಡಿ, ಹಸಿ ಮಣ್ಣಿನ ಮೇಲೆ ಸುರುಳಿ ಆಡಿಸಿದ. ಸದ್ದಿಲ್ಲ. ತಲೆಯಿಂದ ಪಾದದವರೆಗೆ ಮತ್ತೊಮ್ಮೆ ಆಡಿಸಿದ. ಆಗಲೂ ಇಲ್ಲ.

"ಅಗ್ಗದ್ದು ಭಾವ," ಎಂದ ಪ್ಲಂಬರ್ ಮೆಲ್ಲಗೆ. "ಒಂದು ಗೇಣಿಗಿಂತ ಕೆಳಗಿನದು ಇದಕ್ಕೆ ಕೇಳಲ್ಲ."

ಡ್ರೈವರ್ ಯಂತ್ರವನ್ನು ಮಗಳ ಕೈಗೆ ಕೊಟ್ಟು ಕೂತ. ಮೈ ಇಳಿದುಹೋಗಿದ್ದರಿಂದ ಅವನ ಉಂಗುರ ಸಲೀಸಾಗಿ ಬೆರಳಿನಿಂದ ಜಾರಿತು. ಮಣ್ಣು ತೋಡಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳತೆ ಹಿಡಿದು, ಉಂಗುರವನ್ನು ಗೇಣಿಗಿಂತ ತುಸು ಮೇಲೆಯೇ ಇಟ್ಟ. ಮುಚ್ಚಿದ. ಪಕ್ಕದಿಂದ ಬೇರುಸಹಿತ ಒಂದಿಷ್ಟು ಹುಲ್ಲು ಕಿತ್ತು ತಂದು ಮೇಲೆ ಕೂರಿಸಿ, ಅಂಗೈಯಿಂದ ತಟ್ಟಿದ.

ಮತ್ತೆ ಎದ್ದು ಕೋಲು ಹಿಡಿದ. ಬಿಗಿಯಾಗಿ ಅಲ್ಲ.

ಕುಂಯ್.

ಸಲಿಕೆಯವರು ಟೋಪಿ ತೆಗೆದರು. ಅವನು ಅದೇ ಜಾಗದ ಮೇಲೆ ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ, ಕಣ್ಣು ಮುಚ್ಚಿ, ತಲೆಯನ್ನು ತುಸು ವಾಲಿಸಿ ನಿಂತ.