ಪರದೋಸಾರಸ್ ಏನು ತಿನ್ನುತ್ತಿತ್ತು?

ಚೂಟಿಗೆ ಓದಿನ ಪರೀಕ್ಷೆಯಲ್ಲಿ ಮತ್ತೆ ಸೊನ್ನೆ ಬಂದ ದಿನ ನಾನು ಹಲ್ಲಿನ ಡಾಕ್ಟರ ಮನೆಯ ಪರದೆಯನ್ನು ತಲೆಕೆಳಗಾಗಿ ಹೊಲಿದೆ. ಹೂವೆಲ್ಲ ಕೆಳಮುಖ, ಬಳ್ಳಿಯೆಲ್ಲ ಮೇಲ್ಮುಖ. ನನ್ನ ಸಿಟ್ಟೇ ಹಾಗೆ, ಮೂಗಿನ ತುದಿಯಲ್ಲಿ ಕೂತಿರುತ್ತದೆ. ಅದು ಇಳಿಯುವಷ್ಟರಲ್ಲಿ ಏನಾದರೊಂದು ಹಾಳಾಗಿರುತ್ತದೆ.

ನಮ್ಮದು ಪರದೆ ಹೊಲಿಯುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಣ್ಣ ಬಸ್ಸು ಓಡಿಸುತ್ತಾನೆ, ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಪಾಳಿಯ ಮೇಲೆ ದುಡಿಯುವವರಾದ್ದರಿಂದ ಸ್ಕೂಲು ಬಿಟ್ಟ ಮೇಲೆ ಅವರ ಇಬ್ಬರು ಹೆಣ್ಣುಮಕ್ಕಳೂ ನನ್ನ ಪಾಲು. ದೊಡ್ಡವಳೇ ಚೂಟಿ. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಒಂದು ತುದಿ ಅವಳದು. ಆ ತುದಿಯಲ್ಲಿ ಸೀಮೆಸುಣ್ಣದ ತುಂಡುಗಳಿಗಿಂತ ಹೆಚ್ಚಾಗಿ ರಬ್ಬರ್ ಡೈನೋಸಾರ್‌ಗಳು ಬಿದ್ದಿರುತ್ತವೆ.

ಚೂಟಿ ದಡ್ಡಿ ಅಂತ ಯಾರಾದರೂ ಅಂದರೆ ಅವರ ನಾಲಿಗೆಗೆ ನಾನೇ ಹೊಲಿಗೆ ಹಾಕುತ್ತೇನೆ. ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಗಳ ಹೆಸರು, ಹಲ್ಲು, ಉಗುರು, ಮೊಟ್ಟೆ ಎಲ್ಲ ಅವಳಿಗೆ ಬಾಯಿಪಾಠ. ಹಾಗಿದ್ದೂ ‘ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ’ ಅಂತ ಬಂದರೆ ಸಾಕು, ಸೊನ್ನೆ.

ಕ್ಲಾಸ್ ಟೀಚರ್ ನನ್ನನ್ನು ಕರೆಸಿಕೊಂಡು ಮೆಲ್ಲಗೇ ಹೇಳಿದರು. “ನೋಡಿ, ಲೆಕ್ಕದಲ್ಲಿ ಚೆನ್ನಾಗಿದ್ದಾಳೆ. ಆದ್ರೆ ವರ್ಷದ ಕೊನೆಯ ಓದಿನ ಪೇಪರಲ್ಲೂ ಹೀಗೇ ಮಾಡಿದ್ರೆ ಇದೇ ಕ್ಲಾಸಲ್ಲಿ ಉಳಿಸ್ಕೋಬೇಕಾಗುತ್ತೆ.”

ಇದೇ ಕ್ಲಾಸು ಅಂದರೆ ಏನರ್ಥ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ವರ್ಷ ಆ ಕ್ಲಾಸಿಗೆ ಅವಳ ತಂಗಿ ಬರುತ್ತಾಳೆ. ಅಕ್ಕ ತಂಗಿ ಒಂದೇ ಬೆಂಚು! ತಂಗಿ ಆಗಲೇ ಶುರು ಹಚ್ಚಿಕೊಂಡಿದ್ದಳು. “ಕಿಟಕಿ ಪಕ್ಕ ನಾನು ಕೂರ್ತೀನಿ, ಈಗ್ಲೇ ಹೇಳಿದೀನಿ.” ಚೂಟಿ ಮೇಜಿನ ಕೆಳಗೆ, ಬಟ್ಟೆಯ ಸುರುಳಿಗಳ ಹಿಂದೆ ಹೋಗಿ ಕೂತಳು. ಅವಳ ಮೂಗು ಸುರ್ ಸುರ್ ಅನ್ನುವುದು ನನಗೆ ಕೇಳಿಸುತ್ತಿತ್ತು.

ಪ್ರಾಣಿ ಅಂದರೆ ಜೀವ ಬಿಡುವ ಹುಡುಗಿ, ಪ್ರಾಣಿಗಳ ಪಾಠವನ್ನೇ ಓದಿಸಿದರಾಯಿತು ಅಂತ ನಾನು ಲೆಕ್ಕ ಹಾಕಿದೆ. ಹಳೆ ಪುಸ್ತಕದ ಅಂಗಡಿಗೆ ಹೋಗಿ ಪ್ರಾಚೀನ ಪ್ರಾಣಿಗಳ ಬಗ್ಗೆ ಇದ್ದ ಅಭ್ಯಾಸ ಪುಸ್ತಕವನ್ನು ಹುಡುಕಿ ತಂದೆ. ಮೊದಲ ಪುಟ, ಬೆನ್ನ ತುಂಬ ಫಲಕಗಳಿರುವ ಸ್ಟೆಗೋಸಾರಸ್. ಚೂಟಿ ಚಿತ್ರ ನೋಡಿದ್ದೇ ತಡ, ಪೆನ್ಸಿಲ್ ಓಡಿತು. ‘ಈ ಗದ್ಯಭಾಗದ ಪ್ರಕಾರ ಫಲಕಗಳಿಂದ ಏನು ಉಪಯೋಗ?’ ಗದ್ಯದಲ್ಲಿ ‘ಮೈಯ ಬಿಸಿಯನ್ನು ಹದದಲ್ಲಿಡಲು’ ಅಂತ ಅಚ್ಚಾಗಿದೆ. ಇವಳು ಬರೆದದ್ದು, ‘ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಬೇರೆ ಡೈನೋಸಾರ್‌ಗಳ ಮುಂದೆ ಜಂಬ ಕೊಚ್ಚಿಕೊಳ್ಳೋಕೂ ಇರಬಹುದು.’

“ಲೇ, ಇದು ಎಲ್ಲಿದೆ ಇಲ್ಲಿ?”

“ಇಲ್ಲಿಲ್ಲ. ಆದ್ರೆ ಅದೇ ಸರಿ.”

“ನಾನು ಕೇಳ್ತಿರೋದು ಇಲ್ಲಿ ಏನಿದೆ ಅಂತ ಕಣೇ!”

“ಇಲ್ಲಿ ಅರ್ಧಂಬರ್ಧ ಇದೆ ಅತ್ತೆ. ಅರ್ಧಂಬರ್ಧ ಯಾಕೆ ಓದ್ಬೇಕು?”

ಆಗ ನನಗೆ ಹೊಳೆಯಿತು. ಇವಳಿಗೆ ಓದು ಬರುವುದಿಲ್ಲ ಅಂತಲ್ಲ, ಇವಳು ಓದುವುದೇ ಇಲ್ಲ! ಪ್ರಶ್ನೆ ನೋಡುತ್ತಾಳೆ, ತಲೆಯಲ್ಲಿರುವುದನ್ನು ಸುರಿಯುತ್ತಾಳೆ, ಎದ್ದು ಹೋಗುತ್ತಾಳೆ. ನನ್ನ ಗಿರಾಕಿಗಳದೂ ಇದೇ ಕತೆ. ‘ನಮ್ಮ ಕಿಟಕಿ ಅಳತೆ ನಮಗೆ ಗೊತ್ತಿಲ್ವಾ, ಬರ್ಕೊಳ್ಳಿ’ ಅನ್ನುತ್ತಾರೆ. ನಾನು ಮಾತ್ರ ಟೇಪು ಹಿಡಿದುಕೊಂಡು ಮನೆಗೇ ಹೋಗಿ ಅಳೆಯುತ್ತೇನೆ. ಬಾಯಿ ಮಾತಿನ ಅಳತೆಗೆ ನಾನು ಕತ್ತರಿ ಹಾಕಿದವಳೇ ಅಲ್ಲ.

ಸರಿ, ಇವಳಿಗೆ ಅಳತೆಯೇ ಗೊತ್ತಿಲ್ಲದ ಕಿಟಕಿ ಬೇಕು ಅಂದುಕೊಂಡೆ. ಬಟ್ಟೆ ಸುತ್ತಿ ಬಂದ ದಪ್ಪ ಕಾಗದ ಹರಿದು, ಸೀಮೆಸುಣ್ಣ ಬಿಟ್ಟು ಪೆನ್ನು ಹಿಡಿದು, ಜೀವಮಾನದಲ್ಲೇ ಮೊದಲ ಸಲ ವಿಜ್ಞಾನ ಬರೆದೆ.

‘ಪರದೋಸಾರಸ್ ಬಹಳ ಹಿಂದೆ ಬದುಕಿದ್ದ ಪ್ರಾಣಿ. ಅದರ ಕತ್ತಿನ ಸುತ್ತ ಚರ್ಮದ ನೆರಿಗೆಗಳಿದ್ದವು. ಬಿಸಿಲು ಜೋರಾದರೆ ನೆರಿಗೆಗಳನ್ನು ಎಳೆದು ಮುಖ ಮುಚ್ಚಿಕೊಳ್ಳುತ್ತಿತ್ತು. ಅದು ಮಧ್ಯಾಹ್ನ ಮಾತ್ರ ಹೊರಗೆ ಬರುತ್ತಿತ್ತು. ಗುಡ್ಡದ ಮೇಲಿನ ಎಳೆ ಸೊಪ್ಪು ಅದರ ಆಹಾರ. ಅದಕ್ಕೆ ಬೇಗ ಸಿಟ್ಟು ಬರುತ್ತಿತ್ತು.’

ಕೆಳಗೆ ಪ್ರಶ್ನೆಗಳು. ಚೂಟಿ ಎಂದಿನಂತೆ ಪ್ರಶ್ನೆಗೇ ಹಾರಿದಳು. ಏನು ತಿನ್ನುತ್ತಿತ್ತು? ಮಾಂಸ. ನೆರಿಗೆ ಯಾಕೆ? ಶತ್ರುಗಳನ್ನು ಹೆದರಿಸಲು. ಎಲ್ಲಿ ಬದುಕಿತ್ತು? ಜೌಗು ನೆಲದಲ್ಲಿ. ನಾನು ಕೆಂಪು ಸೀಮೆಸುಣ್ಣದಿಂದ ಎಲ್ಲದರ ಮೇಲೂ ಗೀಟು ಎಳೆದೆ.

“ಸೊನ್ನೆ!”

ಅವಳ ಮುಖ ನೋಡಬೇಕಿತ್ತು! “ಇಂಥ ಪ್ರಾಣಿ ಇರ್ಲೇ ಇಲ್ಲ!”

“ನಿನಗೆ ಗೊತ್ತಿಲ್ಲ ಅಂದ್ರೆ ಇರಲಿಲ್ಲ ಅಂತಾನಾ?”

ಚೂಟಿ ಕಾಗದವನ್ನು ಕಿತ್ತುಕೊಂಡಳು. ಬೆರಳಿಟ್ಟು, ಒಂದೊಂದೇ ಸಾಲು, ತುಟಿ ಅಲ್ಲಾಡಿಸುತ್ತ ಓದಿದಳು. ನಾನು ಕೈಯಲ್ಲಿದ್ದ ಗುಂಡುಸೂಜಿಯನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಓದುತ್ತಿದ್ದಾಳೆ! ನಮ್ಮ ಚೂಟಿ ಕೊನೆಯ ಸಾಲಿನ ತನಕ ಓದುತ್ತಿದ್ದಾಳೆ! ಮುಗಿಸಿದವಳೇ ಮತ್ತೆ ಮೇಲಕ್ಕೆ ಹೋದಳು. ಆಮೇಲೆ ಮೇಜು ಗುದ್ದಿದ ಏಟಿಗೆ ಸೂಜಿ ಡಬ್ಬಿ ಉರುಳಿತು.

“ಅತ್ತೆ! ಸಿಕ್ಕಿಬಿದ್ದೆ! ಬಿಸಿಲಿಗೆ ಮುಖ ಮುಚ್ಕೊಳುತ್ತೆ ಅಂತೀಯ, ಮಧ್ಯಾಹ್ನ ಮಾತ್ರ ಹೊರಗೆ ಬರುತ್ತೆ ಅಂತೀಯ! ಹಾಗಾದ್ರೆ ಸೊಪ್ಪು ಹೇಗೆ ಕಾಣುತ್ತೆ ಅದಕ್ಕೆ? ಗುಡ್ಡದಿಂದ ದೊಪ್ ಅಂತ ಬಿದ್ದೋಗಲ್ವಾ?”

ಅಯ್ಯೋ, ಹೌದಲ್ಲ! ನಾನು ಬೆಪ್ಪಾದೆ. ತಂಗಿ ನಕ್ಕು ನಕ್ಕು ಬಟ್ಟೆಯ ರಾಶಿ ಮೇಲೆ ಉರುಳಾಡಿದಳು. ಚೂಟಿಯ ಕಣ್ಣು ಮಿನುಗುತ್ತಿತ್ತು. “ಇನ್ನೊಂದು ಬರಿ ಅತ್ತೆ. ಅದ್ರಲ್ಲೂ ತಪ್ಪು ಹಿಡೀತೀನಿ.”

ಅವತ್ತಿನಿಂದ ನನ್ನ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ದಿನಕ್ಕೊಂದು ಗದ್ಯಭಾಗ. ಪರದೋಸಾರಸ್ ಮೊಟ್ಟೆ ಇಟ್ಟಿತು, ಮರಿ ಕಳೆದುಕೊಂಡಿತು, ಮಂಜಿನಲ್ಲಿ ದಾರಿ ತಪ್ಪಿತು. ನಾನು ಬೇಕಂತಲೇ ಒಂದು ತಪ್ಪು ಬಚ್ಚಿಡುತ್ತಿದ್ದೆ. ಅವಳು ನನಗೇ ಗೊತ್ತಿಲ್ಲದ ಇನ್ನೊಂದನ್ನು ಹೆಕ್ಕಿ ತೆಗೆಯುತ್ತಿದ್ದಳು. ಆದರೆ ನಿಯಮ ಮಾತ್ರ ಕಟ್ಟುನಿಟ್ಟು. ಮೊದಲು ಗದ್ಯದಲ್ಲಿರುವ ಉತ್ತರ, ಜಗಳ ಆಮೇಲೆ. ಪರದೆ ಯಾವಾಗ ಸಿಗುತ್ತೆ ಅಂತ ಕೂಗಾಡಲು ಬಂದ ಹಲ್ಲಿನ ಡಾಕ್ಟರು, ಚೂಟಿಯ ಹೆಗಲ ಮೇಲಿಂದ ಬಗ್ಗಿ ಓದಿ, “ಸೊಪ್ಪು ತಿನ್ನೋ ಪ್ರಾಣಿಗೆ ಇಷ್ಟು ಚೂಪು ಹಲ್ಲು ಯಾಕ್ರೀ ಕೊಟ್ರಿ?” ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಪರದೆಯ ವಿಷಯ ಮರೆತೇ ಹೋದರು, ಪುಣ್ಯಕ್ಕೆ.

ಪರೀಕ್ಷೆಯ ದಿನ ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ, ಏಳುತ್ತೇನೆ, ಬಾಗಿಲಿಗೆ ಹೋಗಿ ಬೀದಿ ನೋಡುತ್ತೇನೆ. ಕೊನೆಗೂ ಚೂಟಿ ಬಂದಳು, ಮುಖ ಕೆಂಪಗೆ, ಬ್ಯಾಗು ಎಳೆದುಕೊಂಡು.

“ಅತ್ತೆ, ಟೆರೊಸಾರ್ ಕೊಟ್ಟಿದ್ರು. ಅದು ಹಾರೋ ಡೈನೋಸಾರ್ ಅಂತೆ! ಅಷ್ಟು ಹಸಿ ಸುಳ್ಳು! ಅದು ಡೈನೋಸಾರೇ ಅಲ್ಲ, ಅದರ ದಾಯಾದಿ! ಮೊದಲನೇ ಪ್ರಶ್ನೆನೇ ಅದು, ಗದ್ಯದ ಪ್ರಕಾರ ಟೆರೊಸಾರ್ ಎಂಥ ಪ್ರಾಣಿ ಅಂತ!”

ನಾನು ಅವಳ ಬ್ಯಾಗು ಹಿಡಿದು ನಿಲ್ಲಿಸಿದೆ. “ಏನು ಬರೆದೆ?”

“ಬರೆದೆ.”

“ಅದೇ, ಏನು ಬರೆದೆ ಅಂತ ಹೇಳೇ ತಾಯಿ!”

ಅವಳು ತುಟಿ ಬಿಗಿದುಕೊಂಡು ಮೇಲಕ್ಕೆ ಹತ್ತಿ ಹೋದಳು. ಅತ್ತಿಗೆ ಕೇಳಿದರೂ ಇಲ್ಲ, ಅಣ್ಣ ಪುಸಲಾಯಿಸಿದರೂ ಇಲ್ಲ. ರಿಸಲ್ಟ್ ಬರುವ ತನಕ ನಾನು ಬೆಂಕಿಯ ಮೇಲೆ ಕೂತ ಹಾಗಿದ್ದೆ. ಈ ಹುಡುಗಿ ಸತ್ಯಕ್ಕಾಗಿ ತಂಗಿಯ ಬೆಂಚಿಗೆ ಹೋಗಿ ಕೂತರೂ ಕೂತಾಳು ಅಂತ ನನಗೆ ಖಾತ್ರಿಯಿತ್ತು.

ರಿಸಲ್ಟಿನ ದಿನ ಇಬ್ಬರೂ ಒಟ್ಟಿಗೆ ಬಂದರು. ಚೂಟಿಯ ಮುಖದಲ್ಲಿ ಏನೂ ಇಲ್ಲ, ಬಿಳೀ ಗೋಡೆ. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

“ಏನಾಯ್ತೇ?”

ಚೂಟಿ ನನ್ನ ಮುಂದೆ ಒಂದು ಕಾಗದ ಇಟ್ಟಳು. ಅವಳದೇ ಗುಂಡು ಅಕ್ಷರ. ಮೇಲೆ ‘ಪರದೋಸಾರಸ್’, ಕೆಳಗೆ ಪ್ರಶ್ನೆಗಳು. “ಗದ್ಯಭಾಗ ಓದಿ ಉತ್ತರ ಬರಿ. ಆಮೇಲೆ ಹೇಳ್ತೀನಿ.”

“ನನ್ನ ಜೀವ ಹೋಗ್ತಿದೆ, ನಿನಗೆ ಆಟ!”

“ಮೊದಲು ಉತ್ತರ.”

ಹಟಮಾರಿ! ನನ್ನ ಸಿಟ್ಟು ನೆತ್ತಿಗೇರಿತು. ಪೆನ್ನು ಕಸಿದುಕೊಂಡೆ. ಪರದೋಸಾರಸ್ ಬಗ್ಗೆ ನನಗೇ ಪರೀಕ್ಷೆಯಾ? ಅದನ್ನು ಹುಟ್ಟಿಸಿದವಳೇ ನಾನು! ಏನು ತಿನ್ನುತ್ತದೆ? ಎಳೆ ಸೊಪ್ಪು. ನೆರಿಗೆ ಯಾಕೆ? ಬಿಸಿಲಿಗೆ. ಈಗ ಎಲ್ಲಿದೆ? ಎಲ್ಲೂ ಇಲ್ಲ, ಸತ್ತು ಎಷ್ಟೋ ಕಾಲವಾಯಿತು. ಗೀಚಿ ಅವಳ ಮುಂದೆ ತಳ್ಳಿದೆ. “ತಗೋ. ಈಗ ಹೇಳು.”

ಚೂಟಿ ನನ್ನದೇ ಕೆಂಪು ಸೀಮೆಸುಣ್ಣ ತೆಗೆದುಕೊಂಡಳು. ಗೀಟು. ಗೀಟು. ಗೀಟು.

“ಸೊನ್ನೆ! ಅತ್ತೆ, ನೀನು ಓದೇ ಇಲ್ಲ!”

ತಂಗಿಯ ಕೈ ಬಾಯಿಂದ ಜಾರಿ ಕಿಸಕ್ಕನೆ ನಗು ಹೊರಬಿತ್ತು. ನಾನು ಕಾಗದ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ.

‘ಪರದೋಸಾರಸ್‌ಗೆ ಸೊಪ್ಪು ಬೇಜಾರಾಯಿತು. ಈಗ ಅದು ಅಂಗಡಿಯ ಸೀಮೆಸುಣ್ಣ ತಿನ್ನುತ್ತದೆ. ಅಳು ಬಂದಾಗ ಯಾರಿಗೂ ಕಾಣದ ಹಾಗೆ ಅದು ನೆರಿಗೆಯಿಂದ ಮುಖ ಮುಚ್ಚಿಕೊಳ್ಳುತ್ತಿತ್ತು. ಆದರೆ ಅದರ ಅತ್ತೆಗೆ ಎಲ್ಲ ಕೇಳಿಸುತ್ತಿತ್ತು. ಎಲ್ಲರೂ ಅದು ಅಲ್ಲೇ ಉಳಿದುಬಿಡುತ್ತದೆ ಅಂದುಕೊಂಡಿದ್ದರು. ಅದು ಉಳಿಯಲಿಲ್ಲ. ಈಗ ಅದು ಮುಂದಿನ ಕ್ಲಾಸಿನಲ್ಲಿದೆ, ರಜೆ ಮುಗಿದ ಮೇಲೆ ಕಿಟಕಿ ಪಕ್ಕ ಕೂರುತ್ತದೆ.’

ಕೊನೆಯ ಸಾಲನ್ನು ನಾನು ಮತ್ತೆ ಓದಿದೆ. ಇನ್ನೊಂದು ಸಲ ಓದಲು ಹೋದರೆ ಅಕ್ಷರಗಳು ಮಂಜಾಗಿದ್ದವು. “ಪಾಸಾ? ಲೇ ಚೂಟಿ, ಪಾಸಾ?” ನಾನು ಕಿರುಚಿದ ಸದ್ದಿಗೆ ಮೇಲೆ ಮಲಗಿದ್ದ ಅತ್ತಿಗೆ ಎದ್ದು ಓಡಿ ಬಂದರು. ಇಬ್ಬರನ್ನೂ ಎಳೆದು ತಬ್ಬಿಕೊಂಡೆ. ಯಾರ ಕೂದಲಲ್ಲೋ ನನ್ನ ಟೇಪು ಸಿಕ್ಕಿಕೊಂಡಿತು.

“ಹಾಗಾದ್ರೆ ಟೆರೊಸಾರ್?” ಉಸಿರು ಬಂದ ಮೇಲೆ ಕೇಳಿದೆ.

“ಗದ್ಯದಲ್ಲಿದ್ದ ಹಾಗೇ ಬರೆದೆ. ಅಳುನೇ ಬಂತು ಅತ್ತೆ. ಆದ್ರೆ ನೀನು ಹೇಳಿದ್ಯಲ್ಲ, ಜಗಳ ಆಮೇಲೆ ಅಂತ. ಪೇಪರ್ ಕೊಟ್ಟ ಮೇಲೆ ಮೇಡಂ ಹತ್ರ ಜಗಳ ಆಡಿದೆ. ಅವರು ಕೂತ್ಕೊಂಡು ಪೂರ್ತಿ ಕೇಳಿದ್ರು.”

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ, ಕಳ್ಳಿ?”

“ಸುಳ್ಳನ್ನೇ ಬರೆದು ಬಂದೆ ಅಂತ ಹೇಗೆ ಹೇಳ್ಲಿ? ನಾಚ್ಕೆ ಆಯ್ತು.”

ನಾನು ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡೆ. ಕೆಂಪು ಗೀಟುಗಳ ಪಕ್ಕದಲ್ಲಿ ಎಲ್ಲ ಉತ್ತರಗಳನ್ನೂ ನಿಧಾನವಾಗಿ ಮತ್ತೆ ಬರೆದೆ. ಈಗ ಎಲ್ಲಿದೆ ಅನ್ನುವುದರ ಮುಂದೆ ‘ಮುಂದಿನ ಕ್ಲಾಸಿನಲ್ಲಿ’ ಅಂತ ದಪ್ಪಗೆ ಬರೆದು ಅವಳ ಕಡೆ ತಿರುಗಿಸಿದೆ. ಚೂಟಿ ಒಂದೊಂದೇ ಸಾಲಿಗೆ ಬೆರಳಿಟ್ಟು, ಗದ್ಯದ ಜೊತೆ ತಾಳೆ ನೋಡಿ, ಎಲ್ಲದಕ್ಕೂ ಸರಿ ಹಾಕಿದಳು.