ಮೊಣಕಾಲೂರುವ ಪಾಠ

ಫಲೇಸಿಗೆ ಬೇಕಾಗಿದ್ದದ್ದು ಒಂದೇ. ಯಾರಾದರೂ ಒಬ್ಬರು, ಮೂಗು ಸೋರುವ ಒಂದು ಮಗುವಾದರೂ ಸರಿ, ತನ್ನನ್ನು ‘ಮೇಡಂ’ ಅಂತ ಕರೆಯಬೇಕು. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿ ಅವಳನ್ನು ನೀರು ಹೊರಲು ಅಟ್ಟಿದ್ದರು. ಈಗ ಅವಳಿಗೆ ಐವತ್ತಾರು. ಊರಿನ ಪುಟ್ಟ ಮಕ್ಕಳಿಗೊಂದು ಶಾಲೆ ಆಗುತ್ತದೆ, ನಮ್ಮ ಹೆಂಗಸರಿಗೇ ತರಬೇತಿ ಕೊಟ್ಟು ಟೀಚರ್ ಮಾಡುತ್ತಾರೆ ಎಂದು ಊರ ಯಜಮಾನ ಕಪೇಸಾ ಸಾರಿದಾಗ ಮೊದಲು ಹೆಸರು ಕೊಟ್ಟವಳು ಅವಳೇ.

ಮಾವಿನ ಮರದ ಕೆಳಗೆ ಹನ್ನೆರಡು ದಿನದ ತರಬೇತಿ. ಕಲಿಸುವವಳು ತಿಯಾಮಿಕೆ, ದೇಡ್ಜಾ ಪಟ್ಟಣದಿಂದ ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಬರುವ ಹುಡುಗಿ. ಬಾಟಲಿ ಮುಚ್ಚಳದಲ್ಲಿ ಎಣಿಕೆ, ಜೋಳದ ದಂಟಿನ ಗೊಂಬೆ, ಕುಣಿತ, ಹಾಡು, ಎಲ್ಲದರಲ್ಲೂ ಫಲೇಸಿಯೇ ಮುಂದು. ಎಂಟನೇ ದಿನ ಅವಳ ಉತ್ಸಾಹದ ಬಂಡಿ ಕೆಸರಲ್ಲಿ ಹೂತಿತು.

“ಮಗು ಜೊತೆ ಮಾತಾಡೋವಾಗ ಮೊಣಕಾಲೂರಿ. ನಿಮ್ಮ ಕಣ್ಣು ಅದರ ಕಣ್ಣಿನ ಮಟ್ಟಕ್ಕೆ ಬರ್ಬೇಕು,” ಎಂದಳು ತಿಯಾಮಿಕೆ.

“ಏನಂದೆ?” ಫಲೇಸಿ ಎದ್ದು ನಿಂತು ಸೀರೆಗಿಂತ ಗಿಡ್ಡದಾದ ತನ್ನ ಸುತ್ತುಬಟ್ಟೆಯನ್ನು ಮಂಡಿಯವರೆಗೆ ಎತ್ತಿದಳು. “ಅಪ್ಪನ ಮುಂದೆ ಮೊಣಕಾಲೂರಿದೆ, ಸೋದರಮಾವನ ಮುಂದೆ ಊರಿದೆ, ಗಂಡನಿಗೆ ಉಣ್ಣಕ್ಕಿಡೋವಾಗೆಲ್ಲ ಊರಿದೆ. ನೋಡಿಲ್ಲಿ, ಆನೆ ಚರ್ಮ ಆಗಿದೆ! ಈಗ ನನ್ನೆದುರು ಊರೋ ಮಕ್ಕಳು ಹುಟ್ಟಿದಾವೆ. ಅವಕ್ಕೂ ನಾನೇ ಊರ್ಬೇಕಾ?”

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?” ಎಂದು ಪಕ್ಕದ ಮನೆಯ ಲುಫೀನಾ ಚುಚ್ಚಿದಳು.

“ಗಿಡವಾಗಿದ್ದಾಗ್ಲೇ ಬಗ್ಗಿ ಬಗ್ಗಿ ಸಾಕಾಗಿದೆ ಕಣೇ!”

ತಿಯಾಮಿಕೆಗೂ ಸಂಕಟವೇ. “ಅಜ್ಜಿ, ಕೊನೇ ದಿನ ಯಜಮಾನ್ರ ಎದುರು ಪಾಠ ಮಾಡ್ಬೇಕು. ಊರದಿದ್ರೆ ಟೀಚರ್ ಪಟ್ಟೀಲಿ ನಿಮ್ಮ ಹೆಸರು ಬರೆಯಕ್ಕಾಗಲ್ಲ,” ಎಂದಳು.

ಫಲೇಸಿ ಬಗ್ಗಲಿಲ್ಲ. ಬಗ್ಗದೆಯೇ ಗೆಲ್ಲುತ್ತೇನೆ ಎಂಬ ಹಟ ಅವಳದು.

ಕೊನೆಯ ದಿನ ಯಜಮಾನ ಕುರ್ಚಿಯಲ್ಲಿ ಕೂತ. ಅವನ ತಲೆಗಿಂತ ಮೇಲೆ ಯಾರ ತಲೆಯೂ ಇರಕೂಡದು ಎಂದು ಊರೆಲ್ಲ ಚಾಪೆಯ ಮೇಲೆ ಕೂತಿತು. ಪಾಠ ಮಾಡುವವರಿಗೆ ಮಾತ್ರ ನಿಲ್ಲುವ ರಿಯಾಯಿತಿ. ಫಲೇಸಿ ನಿಂತು ಹಾಡಿದಳು, ಮಕ್ಕಳು ಕುಣಿದವು. ಆಮೇಲೆ ನಾಲ್ಕು ವರ್ಷದ ಜಿಯೋನೆಯನ್ನು ಕರೆದಳು.

“ಕೈಯಲ್ಲಿ ಮುಚ್ಚಳ ಎಷ್ಟಿದೆ ಮಗಾ?”

ಒಳ್ಳೆಯ ಮನೆಯ ಮಗು. ಮೊಣಕಾಲೂರಿ, ತಲೆ ತಗ್ಗಿಸಿ, ನೆಲಕ್ಕೆ ಏನೋ ಹೇಳಿತು.

“ಜೋರಾಗಿ ಹೇಳು.”

ತಲೆ ಇನ್ನಷ್ಟು ತಗ್ಗಿತು. ಮೂರನೇ ಸಲ ಕೇಳಿದಾಗ ಹಣೆ ಮಣ್ಣಿಗೇ ತಾಕಿತು. ಫಲೇಸಿ ಆ ನೆತ್ತಿಯನ್ನೇ ನೋಡುತ್ತಾ ನಿಂತಳು. ಆರು ಮಕ್ಕಳನ್ನು ಸಾಕಿದವಳು ಅವಳು. ಏನು ಕೇಳಿದರೂ ಅವೂ ಹೀಗೇ ನೆಲಕ್ಕೆ ಉತ್ತರ ಕೊಟ್ಟಿದ್ದವು. ಆರೂ ನೆತ್ತಿಗಳು, ಸುಳಿಗಳು, ಹೇನು ಸಮೇತ ನೆನಪಿವೆ. ಉತ್ತರ ಹೇಳುವಾಗ ಆ ಕಣ್ಣುಗಳು ಹೇಗಿರುತ್ತಿದ್ದವು? ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

ಅವಳಿಗೇ ತಿಳಿಯದಂತೆ ಮೊಣಕಾಲು ಮಡಚಿಕೊಂಡಿತು.

ಜಿಯೋನೆಗೆ ಗಾಬರಿಯಾಯಿತು. ಅಜ್ಜಿಯೇ ಊರಿದ ಮೇಲೆ ತಾನು ಇನ್ನೂ ಕೆಳಗಿರಬೇಡವೇ? ಬೋರಲಾಗಿ ಮಲಗಿಬಿಟ್ಟಿತು. ಜನ ಬಿದ್ದು ಬಿದ್ದು ನಕ್ಕರು. “ಇನ್ನೇನು ಮಾಡ್ತೀಯೇ, ಗುಂಡಿ ತೋಡ್ತೀಯಾ?” ಎಂದಳು ಲುಫೀನಾ.

ಫಲೇಸಿ ಕೇಳಿಸಿಕೊಳ್ಳಲಿಲ್ಲ. ತಾನೂ ಬೋರಲು ಮಲಗಿ ಕೆನ್ನೆಯನ್ನು ಮಣ್ಣಿಗೆ ಇಟ್ಟಳು.

ಆಗ ಕಣ್ಣು ಸಿಕ್ಕಿತು. ಅಬ್ಬಾ! ಅದರೊಳಗೆ ಮಾವಿನ ಮರ ಇತ್ತು, ಆಕಾಶ ಇತ್ತು, ಜೋಳದ ಕಾಳಿನಷ್ಟು ಸಣ್ಣ ಫಲೇಸಿಯೂ ಇದ್ದಳು. ಇಷ್ಟು ದೊಡ್ಡದೊಂದು ಇಷ್ಟು ಕಾಲ ತನ್ನ ಕಾಲಬುಡದಲ್ಲೇ ಇತ್ತೇ ಎಂದು ಅವಳು ಇನ್ನಷ್ಟು ಹತ್ತಿರ ಸರಿದಳು.

“ಆರು,” ಎಂದು ಮಗು ಪಿಸುಗುಟ್ಟಿತು. “ಇನ್ನೊಂದನ್ನ ಇರುವೆಗೆ ಕೊಟ್ಟೆ.”

ಮೂಗಿನ ಮುಂದೆಯೇ ಒಂದು ಮುಚ್ಚಳ, ಅದರಲ್ಲಿ ಬೆಳಗಿನ ಗಂಜಿಯ ಹನಿ. ಹೋಗುವ ಸಾಲು, ಬರುವ ಸಾಲು. ಎದುರಾದ ಪ್ರತಿ ಇರುವೆಯೂ ನಿಂತು, ಮುಖಕ್ಕೆ ಮುಖ ತಾಗಿಸಿ, ಆಮೇಲೆ ಮುಂದಕ್ಕೆ ಹೋಗುತ್ತಿತ್ತು.

“ಎಲ್ಲಾರನ್ನೂ ಚೆನ್ನಾಗಿದೀಯಾ ಅಂತ ಕೇಳ್ತಾವೆ. ಹೊರೆ ಇದ್ರೂ ನಿಂತ್ಕೋತಾವೆ,” ಎಂದಿತು ಜಿಯೋನೆ. “ಯಾರೂ ಮೊಣಕಾಲೂರಲ್ಲ.”

“ಏನದು ಅಲ್ಲಿ?” ಯಜಮಾನನ ದನಿ.

“ಅಲ್ಲಿಂದ ಕಾಣಲ್ಲ, ನೀವೇ ಬನ್ನಿ,” ಎಂದಳು ಫಲೇಸಿ. ಯಜಮಾನನನ್ನೇ ಕರೆದದ್ದಕ್ಕೆ ಜನರ ನಗು ನಿಂತುಹೋಯಿತು.

ಯಜಮಾನ ಕೋಲೂರಿ ಎದ್ದು ಬಂದ. ಬಗ್ಗಿದ, ಕಾಣಲಿಲ್ಲ. ಕೂತ, ಕಾಣಲಿಲ್ಲ. ಟೋಪಿ ತೆಗೆದಿಟ್ಟು ನೆಲಕ್ಕೆ ಮಲಗಿದ. ಅವನ ತಲೆ ಮಣ್ಣಿಗೆ ಇಳಿದ ಮೇಲೆ ಉಳಿದವರದು ಮೇಲಿರುವುದುಂಟೇ? ಚರ್ಚಿನ ಹಿರಿಯರು, ಸೋದರಮಾವಂದಿರು, ಲುಫೀನಾ, ಪಟ್ಟಿ ಹಿಡಿದಿದ್ದ ತಿಯಾಮಿಕೆ, ಎಲ್ಲರೂ ಮಲಗಿದರು. ಇಡೀ ಊರು ಬೋರಲು.

“ಇವು ಯಾವಾಗ್ಲೂ ಹಿಂಗೇನಾ?” ಎಂದು ಯಜಮಾನ ಮೆಲ್ಲಗೆ ಕೇಳಿದ.

“ದಿನಾ,” ಎಂದಿತು ಮಗು.

ತಿಯಾಮಿಕೆ ಮಲಗಿದಲ್ಲೇ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಫಲೇಸಿಯ ಹೆಸರು ಬರೆದಳು. ಜಿಯೋನೆ ಎದ್ದು ನಿಂತಿತು. ಆ ಬಯಲಲ್ಲಿ ನಿಂತಿದ್ದದ್ದು ಅದೊಂದೇ. ಮುದುಕಿಗೆ ಒಬ್ಬಳೇ ಏಳಲು ಕಷ್ಟ ಎಂದು ಅದಕ್ಕೂ ಗೊತ್ತು, ಎರಡೂ ಕೈ ಚಾಚಿತು.

“ಏಳಿ, ಮೇಡಂ.”

ಫಲೇಸಿ ಆ ಕೈ ಹಿಡಿದುಕೊಂಡಳು, ಆದರೆ ಏಳಲಿಲ್ಲ.

“ತಡಿ ಮಗಾ,” ಎಂದಳು. “ನೀನೇ ಬಾ ಇಲ್ಲಿ. ಇನ್ನೇನೇನು ನೋಡಿದೀಯ, ಎಲ್ಲಾ ತೋರ್ಸು.”