ಎರಡು ಬೀಕರು

ಮೇಜು ಒರೆಸಿದ ಬಟ್ಟೆ ಸರಿಸಿ ನೋಡಿದರೆ ಎರಡು ಬೀಕರುಗಳಲ್ಲೂ ಒಂದೇ ತರದ ತಿಳಿನೀರು. ಒಂದರಲ್ಲಿ ವಸುಮತಿ ಬಾಟಲಿಯ ಉಪ್ಪನ್ನೆಲ್ಲ ಸುರಿದು ಕರಗಿಸಿದ್ದಳು, ಇನ್ನೊಂದರಲ್ಲಿದ್ದದ್ದು ಬರೀ ಭಟ್ಟಿ ಇಳಿಸಿದ ನೀರು. ಮೇಜು ಒರೆಸುವಾಗ ಅವುಗಳನ್ನು ಅತ್ತಿತ್ತ ಸರಿಸಿದವಳೂ ಅವಳೇ. ಈಗ ಯಾವುದು ಯಾವುದೆಂದು ಗೊತ್ತಾಗುತ್ತಿಲ್ಲ.

ಮಧ್ಯಾಹ್ನದ ತರಗತಿಗೆ ಸ್ವಲ್ಪಸ್ವಲ್ಪ ತೆಗೆದು ತೆಳು ಮಾಡಿ ಬಳಸಬೇಕಾದ ಗಟ್ಟಿ ಉಪ್ಪುನೀರು ಅದು. ಬೇರೆ ಮಾಡೋಣವೆಂದರೆ ಉಪ್ಪಿನ ಬಾಟಲಿ ಖಾಲಿ. ಪುತ್ತೂರಿನ ಆ ಕಾಲೇಜಿನ ಪ್ರಯೋಗಶಾಲೆಗೆ ಅವಳನ್ನು ತೆಗೆದುಕೊಂಡದ್ದು, ಕೆಲಸ ಹೇಗಿದೆ ನೋಡೋಣ ಎಂದು. ಇಟ್ಟುಕೊಳ್ಳುವುದೋ ಬಿಡುವುದೋ ಎಂದು ರಾಮಪ್ರಸಾದ ಮಾಸ್ಟ್ರು ಇವತ್ತು ಹೇಳುವವರಿದ್ದರು.

“ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡು ಮಾರಾಯ್ತಿ,” ಎಂದಳು ಜೊತೆಗೆ ಕೆಲಸ ಮಾಡುವ ಕಡಬದ ತ್ರೇಸ್ಯಾಕುಟ್ಟಿ.

“ಇಲ್ಲಿ ಎಂತದೂ ಬಾಯಿಗೆ ಹಾಕ್ಲಿಕ್ಕಿಲ್ಲ ಅಂತ ಸರ್ ಹೇಳಿದ್ದಾರಲ್ಲ ಅಕ್ಕ. ನಮ್ಮ ಮನೆಯಲ್ಲಿಯೂ ಹಾಗೆಯೇ, ದೇವರಿಗೆ ಇಡುವ ಮೊದಲು ರುಚಿ ನೋಡುದಿಲ್ಲ.”

“ಹಾಗಾದ್ರೆ ಉಪ್ಪು ಸಾಕಾ ಅಂತ ದೇವರೇ ಬಂದು ಹೇಳುದಾ?”

ತ್ರೇಸ್ಯಾಕುಟ್ಟಿ ತನ್ನ ಬುತ್ತಿಯಿಂದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದಳು. “ಮಾವಿನಕಾಯಿ ಉಪ್ಪಿಗೆ ಹಾಕುವಾಗ ನಮ್ಮ ಅಮ್ಮಚ್ಚಿ ಇದನ್ನೇ ಬಿಟ್ಟು ನೋಡುದು. ನೀರು ಗಟ್ಟಿ ಉಪ್ಪಾದ್ರೆ ತೇಲ್ತದೆ. ಹಿಡಿ.”

“ನಾನಾ?”

“ಮತ್ತೆ? ಕೆಲಸ ಹೋಗುದು ಯಾರದ್ದು?”

ವಸುಮತಿ ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಕೆಂಡ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ಎಡಗಡೆಯ ಬೀಕರಿಗೆ ಬಿಟ್ಟಳು. ತೇಲಿತು. ಖಾತ್ರಿಯಾಗಲೆಂದು ತೆಗೆದು ಬಲಗಡೆಯದಕ್ಕೆ ಬಿಟ್ಟಳು. ಮುಳುಗಿ ತಳಕ್ಕೆ ಟಕ್ಕೆಂದು ತಾಗಿತು.

ಅದನ್ನು ಚಮಚದಲ್ಲಿ ಎತ್ತುತ್ತಿರುವಾಗಲೇ ಮಾಸ್ಟ್ರು ಒಳಗೆ ಬಂದರು. ತರಗತಿಗೆ ಮೊದಲು ಪರೀಕ್ಷಿಸಿ ನೋಡಲೆಂದು ಎರಡರಿಂದಲೂ ಸ್ವಲ್ಪಸ್ವಲ್ಪ ನೀರನ್ನು ಪ್ರನಾಳಗಳಿಗೆ ಎರೆದು, ಉಪ್ಪಿದ್ದರೆ ಬಿಳಿಯಾಗುವ ದ್ರವದ ತೊಟ್ಟು ಬಿಟ್ಟರು. ಒಂದು ಮೊಸರಿನಂತೆ ಒಡೆಯಿತು. ಇನ್ನೊಂದು ತೆಳ್ಳಗೆ ಮಸುಕಾಯಿತು.

“ಇದು ಬರೀ ನೀರಲ್ವಾ? ಇದಕ್ಕೆ ಉಪ್ಪು ಎಲ್ಲಿಂದ ಬಂತು?” ಅವರು ಪ್ರನಾಳವನ್ನು ಬೆಳಕಿಗೆ ಹಿಡಿದು, ಅಲುಗಾಡಿಸಿ, ಮತ್ತೆ ಹಿಡಿದರು.

ತ್ರೇಸ್ಯಾಕುಟ್ಟಿ ಕಿಟಕಿಯ ಕಡೆ ನೋಡಿದಳು.

“ಮೊಟ್ಟೆ, ಸರ್,” ಎಂದಳು ವಸುಮತಿ. “ಉಪ್ಪಿನದ್ದು ಯಾವುದೂಂತ ನನಗೆ ತಪ್ಪಿಹೋಯ್ತು. ಅದಕ್ಕೇ ಬಿಟ್ಟು ನೋಡಿದೆ. ಮೊದಲು ಉಪ್ಪಿನದ್ದಕ್ಕೆ, ಆಮೇಲೆ ಅದನ್ನೇ ಇದಕ್ಕೆ.”

ಮಾಸ್ಟ್ರು ಚಮಚವನ್ನು ನೋಡಿದರು, ಅವಳನ್ನು ನೋಡಿದರು. “ಬೇಯಿಸಿದ್ದಾ?”

“ಬೇಯಿಸಿದ್ದು ಸರ್.”

ಅವರು ಪ್ರನಾಳವನ್ನು ಮೇಜಿನ ಮೇಲಿಟ್ಟರು. “ಆ ನೀರು ಚೆಲ್ಲಿ. ಈ ಉಪ್ಪುನೀರನ್ನು ಸೋಸಿ ಇಡಿ. ನಾಳೆಯಿಂದ ಮೊದಲು ಚೀಟಿ ಅಂಟಿಸುದು, ಆಮೇಲೆ ಉಪ್ಪು ಹಾಕುದು.” ಅಷ್ಟು ಹೇಳಿ ಹೊರಟುಹೋದರು.

“ನಾಳೆಯಿಂದ ಅಂದ್ರಲ್ಲ ಅಕ್ಕ. ಹಾಗಂದ್ರೆ ಎಂತ?”

“ನಾಳೆ ಅಂದ್ರೆ ನಾಳೆ,” ಎನ್ನುತ್ತ ತ್ರೇಸ್ಯಾಕುಟ್ಟಿ ಮೊಟ್ಟೆ ಸುಲಿಯಲು ಜಗಲಿಗೆ ಹೋದಳು.

ಸೋಸುವ ಕಾಗದದಿಂದ ಉಪ್ಪುನೀರು ತೊಟ್ಟುತೊಟ್ಟಾಗಿ ಇಳಿಯತೊಡಗಿತು. ಒದ್ದೆಯಾದ ಎರಡು ಬೆರಳುಗಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ, ವಸುಮತಿ ಅವನ್ನು ಸೀರೆಗೆ ತಾಗದಂತೆ ದೂರ ಹಿಡಿದು ನಿಂತಿದ್ದಳು.